ತಂತಿ ಕಟ್ಟಿದ ಹಲ್ಲು
ಮಗಳ ಹಲ್ಲಿಗೆ ತಂತಿ ಕಟ್ಟಿಸಿದ ಮೇಲೆ, ಊರಿಂದ ಪುಣೆಗೆ ಬರುವ ಡಬ್ಬಿ ನಮ್ಮಲ್ಲಿ ಎರಡು ಪಾಲು. ಚಕ್ಕುಲಿ, ಕೋಡುಬಳೆ, ಶೇಂಗಾ ಚಿಕ್ಕಿ ನಮಗೆ. ಮೆತ್ತನೆಯ ಬೇಸನ್ ಉಂಡೆ ಅವಳಿಗೆ. ಗಟ್ಟಿ, ಅಂಟು ತಿನಿಸಿಗೆ ಬ್ರಾಕೆಟ್ ಕಿತ್ತುಬಂದರೆ ಚಿಕಿತ್ಸೆ ಇನ್ನಷ್ಟು ದಿನ ಎಳೆಯುತ್ತದೆ.

ಉಂಡೆ ತಿಂದರೂ ಹಲ್ಲುಜ್ಜಲೇಬೇಕು. ತಂತಿಯ ಮೇಲೆ, ಕೆಳಗೆ ಮೃದು ಬ್ರಷ್. ಸಂದಿಗೆ ಪುಟ್ಟ ಇಂಟರ್‌ಡೆಂಟಲ್ ಬ್ರಷ್. ಕೊಳೆ ಉಳಿದರೆ ಬ್ರಾಕೆಟ್ ಸುತ್ತ ಬಿಳಿ ಕಲೆ ಬೀಳುತ್ತದೆ, ತಂತಿ ತೆಗೆದರೂ ಅದು ಪೂರ್ತಿ ಹೋಗದಿರಬಹುದು. ತಂತಿ ಚುಚ್ಚಿದರೆ ಡಾಕ್ಟರು ಕೊಟ್ಟ ಮೇಣ ಹಚ್ಚಿ, ಅವರಿಗೇ ತೋರಿಸಿ.

ಕೊನೆಗೆ ರಿಟೇನರ್ ಮರೆಯಬೇಡಿ. ಹಲ್ಲೂ ನಮ್ಮ ಹಾಗೆಯೇ. ಬಿಟ್ಟು ಬಂದ ಜಾಗಕ್ಕೆ ಮರಳಲು ಸದಾ ಹವಣಿಸುತ್ತದೆ.