ಇಂಜಿನ್ ಇಳಿಸುವ ಮೊದಲು ಅಳತೆ ಹಿಡಿಯಿರಿ

ಕಳೆದ ಬೇಸಿಗೆಯಲ್ಲಿ ಅಪ್ಪನ ಅಂಬಾಸಿಡರ್ ನೀಲಿ ಹೊಗೆ ಬಿಡಲು ಶುರು ಮಾಡಿತು. 1984ರ ಗಾಡಿ, ಮಾರ್ಕ್ 4, 1489 ಸಿಸಿಯ ಪೆಟ್ರೋಲ್ ಇಂಜಿನ್. ಅಪ್ಪ ಶೇಂಗಾ ವ್ಯಾಪಾರಸ್ಥರು. ಕಾನಹೊಸಹಳ್ಳಿಯಿಂದ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಸ್ಯಾಂಪಲ್ ಚೀಲ ಇಟ್ಟುಕೊಂಡು ಅದೇ ಕಾರಿನಲ್ಲಿ ಓಡಾಡಿದವರು. ಅವರು ಹೋದ ಮೇಲೂ ನಾನು ಅದನ್ನು ಮಾರಲಿಲ್ಲ. ಕೊಟ್ಟೂರಿನ ತೇರಿಗೆ, ಉಜ್ಜಿನಿಗೆ, ಮಗಳ ಮದುವೆಯ ಜವಳಿಗೆ ಅದೇ ಹೋಗಿದೆ.

ಈಗ ಐನೂರು ಕಿಲೋಮೀಟರಿಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿತ್ತು. ನನ್ನ ಗೊಬ್ಬರದ ಅಂಗಡಿಗೆ ಬಂದವರೆಲ್ಲ ಸಲಹೆ ಕೊಟ್ಟರು. ‘ಗುಜರಿಗೆ ಹಾಕ್ರಿ’ ಎಂದವರು ಕೆಲವರು. ‘ಪೆಟ್ರೋಲ್ ನೂರು ದಾಟೈತಿ, ಡೀಸೆಲ್ ಇಂಜಿನ್ ಕೂರಿಸ್ರಿ’ ಎಂದವರು ಹೆಚ್ಚು. ನಮ್ಮ ಕಡೆ ಒಂದು ಕಾಲಕ್ಕೆ ಪೆಟ್ರೋಲ್ ಅಂಬಾಸಿಡರಿಗೆ, ಜೀಪಿಗೆ ಡೀಸೆಲ್ ಇಂಜಿನ್ ಹಾಕಿಸುವುದು ಮನೆಗೆ ಸುಣ್ಣ ಬಳಿಸಿದಷ್ಟು ಸಹಜವಾಗಿತ್ತು. ಸಂಬಂಧಿಯೊಬ್ಬ 1817 ಸಿಸಿಯ ಇಸುಜು ಇಂಜಿನ್ನೇ ಆಗಬೇಕೆಂದು ಹಟ ಹಿಡಿದ. ತೊಂಬತ್ತರ ದಶಕದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ ಅಂಬಾಸಿಡರಿಗೆ ಹಾಕಿ ಮಾರಿದ ಇಂಜಿನ್ ಅದು.

ಇಷ್ಟೊಂದು ಜನರಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ: ಒಳಗೆ ಎಷ್ಟು ಸವೆದಿದೆ?

ಕೇಳಿದ್ದು ನಮ್ಮೂರ ಮಿಸ್ತ್ರಿ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಕಂಪ್ರೆಶನ್ ಗೇಜ್ ಹಿಡಿದು, ನಾಲ್ಕೂ ಸಿಲಿಂಡರಿನ ಒತ್ತಡ ನೋಡಿದರು. ಮೂರನೆಯದರಲ್ಲಿ ತೀರಾ ಕಡಿಮೆ. ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಮುಳ್ಳು ಮೇಲೇರಿತು. ‘ವಾಲ್ವ್ ಹೋಗಿದ್ರೆ ಏರ್ತಿರಲಿಲ್ಲ ಅಣ್ಣಾ, ಇದು ರಿಂಗು, ಬೋರು’ ಎಂದರು. ಹತ್ತು ನಿಮಿಷದ ಕೆಲಸ. ಹಳೆ ಕಾರಿನ ಹಣೆಬರಹ ನಿರ್ಧರಿಸುವ ಎಷ್ಟು ಮಂದಿ ಈ ಹತ್ತು ನಿಮಿಷ ಕೊಡುತ್ತಾರೆ?

ಬ್ಲಾಕನ್ನು ಚಿತ್ರದುರ್ಗದ ಲೇತ್ ಅಂಗಡಿಗೆ ಒಯ್ದೆವು. ಈ ಇಂಜಿನ್ನಿನ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, ಕಂಪನಿಯಿಂದ ಬಂದಾಗ 73.025 ಮಿಲಿಮೀಟರ್. ಬೋರ್ ಗೇಜ್ ಇಳಿಸಿದಾಗ ಮೂರನೇ ಸಿಲಿಂಡರಿನ ಮೇಲ್ತುದಿಯಲ್ಲಿ, ರಿಂಗು ತಿರುಗಿ ಕೆಳಗಿಳಿಯುವ ಜಾಗದಲ್ಲಿ, 0.30 ಮಿಲಿಮೀಟರ್ ಸವೆದಿತ್ತು. ತಳದಲ್ಲಿ ಸವೆತವೇ ಇಲ್ಲ. ಹೀಗೆ ಮೇಲೆ ಅಗಲ, ಕೆಳಗೆ ಕಿರಿದಾದ ಬೋರಿಗೆ ಹೊಸ ರಿಂಗು ಮಾತ್ರ ಹಾಕಿದರೆ ನಾಲ್ಕು ತಿಂಗಳು ಹೊಗೆ ನಿಲ್ಲುತ್ತದೆ, ಐದನೇ ತಿಂಗಳು ಮತ್ತೆ ಶುರು. ಬೋರ್ ಹೊಡೆಸಿ 20 ಸೈಜ್, ಅಂದರೆ ಇಂಚಿನ ಸಾವಿರದಲ್ಲಿ ಇಪ್ಪತ್ತು ಭಾಗ ಹೆಚ್ಚು ದಪ್ಪದ ಪಿಸ್ಟನ್ ಹಾಕಬೇಕು. ಕ್ರ್ಯಾಂಕಿನಲ್ಲಿ ಗೀರು ಇರಲಿಲ್ಲ. ಬ್ಲಾಕ್ ಸೀಳಿರಲಿಲ್ಲ. ಇಂಜಿನ್ ಬದಲಿಸಲು ಕಾರಣವೇ ಇರಲಿಲ್ಲ.

ಸವೆದದ್ದೇಕೆ ಎಂಬುದನ್ನೂ ಹೇಳಬೇಕು. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಲಾರಿಗಳು ಮಂಗಳೂರು ಬಂದರಿಗೆ ನಮ್ಮೂರ ಮೇಲೇ ಹೋಗುತ್ತಿದ್ದವು. ಈಗಿನ ಹೆದ್ದಾರಿ 50 ಆಗ 13 ಆಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವವರೆಗೂ ಬೇವಿನ ಎಲೆಯ ಮೇಲೂ ಕೆಂಪು ಧೂಳು. ಹರಿದ ಏರ್ ಫಿಲ್ಟರಿನ ಮೂಲಕ ಆ ಧೂಳು ಒಳಗೆ ಹೋದರೆ ಆಯಿಲ್ ಜೊತೆ ಸೇರಿ ಉಪ್ಪುಕಾಗದದ ಹಾಗೆ ಬೋರು ಉಜ್ಜುತ್ತದೆ. ಇನ್ನೊಂದು ಕಾರಣ ಕೊಳವೆಬಾವಿಯ ನೀರು. ನಮ್ಮ ಗಡಸು ನೀರು ಅಡುಗೆ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ ರೇಡಿಯೇಟರಿನ ಕೊಳವೆಗಳಲ್ಲೂ ಕಟ್ಟುತ್ತದೆ. ಇಂಜಿನ್ ಕಾಯುತ್ತದೆ, ಹೆಡ್ ಗ್ಯಾಸ್ಕೆಟ್ ಸುಡುತ್ತದೆ. ಇವೆರಡನ್ನು ಸರಿಮಾಡದೆ ಯಾವ ಇಂಜಿನ್ ತಂದು ಕೂರಿಸಿದರೂ ಅದರ ಗತಿಯೂ ಇದೇ.

ಬದಲಿ ಇಂಜಿನ್ನಿನ ಬಗ್ಗೆ ನಾನು ಕೈ ಸುಟ್ಟುಕೊಂಡವನು. ಅಂಗಡಿಯ ಓಮ್ನಿಗೆ ಕೆಲವು ವರ್ಷದ ಹಿಂದೆ ದೊಡ್ಡ ಊರಿನ ಗುಜರಿಯಿಂದ ಇಂಜಿನ್ ತಂದಿದ್ದೆ. ಸ್ಟ್ಯಾಂಡಿನ ಮೇಲಿಟ್ಟು ಸ್ಟಾರ್ಟ್ ಮಾಡಿ ತೋರಿಸಿದರು, ಸದ್ದು ಚೆನ್ನಾಗಿತ್ತು. ಮೂರು ತಿಂಗಳಿಗೆ ಬೇರಿಂಗ್ ಬಡಿಯತೊಡಗಿತು. ನೋಂದಣಿ ನವೀಕರಣಕ್ಕೆ ಹೋದಾಗ ಇಂಜಿನ್ ನಂಬರೇ ಆರ್‌ಸಿಯಲ್ಲಿ ಇದ್ದದ್ದಲ್ಲ. ಆ ಇಂಜಿನ್ ಯಾವ ಗಾಡಿಯದು, ಕದ್ದದ್ದೋ ಅಪಘಾತದ್ದೋ ಎಂದು ಹೇಳಲು ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಆ ದಿನ ಕೌಂಟರಿನ ಮುಂದೆ ಅನುಭವಿಸಿದ ನಾಚಿಕೆ ಇನ್ನೂ ನೆನಪಿದೆ.

ಕಾನೂನು ಸ್ಪಷ್ಟವಾಗಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ವಾಹನ ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಹೊಸ ನಂಬರು ಆರ್‌ಸಿಗೆ ಹತ್ತಬೇಕು. ಹತ್ತದಿದ್ದರೆ ಅಪಘಾತವಾದಾಗ ವಿಮೆ ಕಂಪನಿ ಮೊದಲು ಬೆರಳಿಡುವುದು ಅಲ್ಲೇ. ಇಸುಜು ಆಸೆಯಲ್ಲಿದ್ದವನಿಗೆ ಇನ್ನೊಂದು ಮಾತು ಹೇಳಿದೆ: ಐವತ್ತು ಕುದುರೆಶಕ್ತಿಗೆ ಮಾಡಿದ ಡ್ರಮ್ ಬ್ರೇಕಿನ ಗಾಡಿಗೆ ಎಪ್ಪತ್ತೈದರ ಇಂಜಿನ್ ಹಾಕಿದರೆ ನಿಲ್ಲಿಸುವುದು ಯಾವುದರಿಂದ?

ಇಂಜಿನ್ ಬದಲಿಸಲೇಬಾರದು ಎಂದಲ್ಲ. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕ್ ತೂತಾಗಿದ್ದರೆ, ಕ್ರ್ಯಾಂಕ್ ಕೊನೆಯ ಸೈಜಿಗೆ ಬಂದಿದ್ದರೆ ಬದಲಿಸಿ. ಅದೇ ಬಗೆಯ ಇಂಜಿನ್ ತನ್ನಿ, ಬಿಲ್ಲು ಇಸಿದುಕೊಳ್ಳಿ. ಆದರೆ ಹೀಗೆ ನೇರ ದಾರಿಯಲ್ಲಿ ಹೋಗುವವನಿಗೆ ಸರ್ಕಾರ ದಾರಿ ಹತ್ತಿರ ಮಾಡಿಕೊಡಬೇಕು. ನಮ್ಮ ಕೆಎ-35 ಆರ್‌ಟಿಒ ಕಚೇರಿ ಹೊಸಪೇಟೆಯಲ್ಲಿದೆ. ಇಂಜಿನ್ ಇಳಿಸಿದ ಗಾಡಿಯನ್ನು ಅಲ್ಲಿಗೆ ಎಳೆಸಿಕೊಂಡು ಹೋಗುವುದು ಸಣ್ಣ ರೈತನಿಂದ ಆಗುವ ಕೆಲಸವಲ್ಲ. ಅನುಮತಿ, ತಪಾಸಣೆ ಎರಡೂ ತಿಂಗಳಿಗೊಂದು ದಿನ ನಮ್ಮ ತಾಲ್ಲೂಕು ಕೇಂದ್ರ ಕೂಡ್ಲಿಗಿಯಲ್ಲೇ ಆಗಲಿ. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳಿಗೆ ಅದು 10,000 ಆಯಿತು. ಇಷ್ಟು ವಸೂಲಿ ಮಾಡುವವರು ಇಷ್ಟು ಸೇವೆ ಕೊಡಲೇಬೇಕು.

ಗ್ಯಾರೇಜಿನವರಲ್ಲೂ ಒಂದು ಕೋರಿಕೆ. ಬಿಚ್ಚಿದ ಮೇಲೆ ಅಳತೆಯನ್ನು ಬರೆದು ಕೊಡಿ. ಸಿಲಿಂಡರ್ ಎಷ್ಟು, ಕ್ರ್ಯಾಂಕ್ ಎಷ್ಟು, ಯಾವ ಸೈಜ್ ಹಾಕಿದಿರಿ. ‘ಫುಲ್ ಇಂಜಿನ್ ಕೆಲಸ’ ಎಂಬ ಒಂದೇ ಸಾಲಿನ ಬಿಲ್ಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನಮ್ಮ ಕೆಲಸ ಮುಗಿಯಲು ಇಪ್ಪತ್ತಾರು ದಿನ ಹಿಡಿಯಿತು. 2000ದಿಂದ ದೇಶದಲ್ಲಿ ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಿರುವುದರಿಂದ ಹಳೆಯ ಹೆಡ್ಡಿನ ವಾಲ್ವ್ ಕೂರುವ ಜಾಗ ಬೇಗ ಕೊರೆಯುತ್ತದೆ. ಗಟ್ಟಿ ಉಕ್ಕಿನ ಸೀಟು ಕೂರಿಸಿದೆವು. ಈಗ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಬರುವುದರಿಂದ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಬದಲಾದವು. ರೇಡಿಯೇಟರ್ ಬಿಚ್ಚಿ ತೊಳೆಸಿ ಕೂಲಂಟ್ ತುಂಬಿಸಿದ್ದೇನೆ, ಕೊಳವೆಬಾವಿಯ ನೀರು ಇನ್ನು ಹಾಕುವುದಿಲ್ಲ. ಮೊದಲ ಸಾವಿರ ಕಿಲೋಮೀಟರ್ ಐವತ್ತರ ಮೇಲೆ ಓಡಿಸಬೇಡಿ ಎಂದು ಮಿಸ್ತ್ರಿ ಹೇಳಿದ್ದಾರೆ, ಓಡಿಸಿಲ್ಲ.

ಲೇತ್ ಅಂಗಡಿಯವರು ಅಳತೆ ಬರೆದ ಚೀಟಿ ಆರ್‌ಸಿ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿದೆ. ಈಗ ಹಾಕಿರುವುದು 20 ಸೈಜ್. 30, 40 ಇನ್ನೂ ಬಾಕಿ ಇವೆ.