ಬಯೊಡೇಟಾ ಜೊತೆಗೊಂದು ಜಾಲತಾಣವೂ ಇರಲಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ – ಈ ಊರುಗಳ ಝೆರಾಕ್ಸ್ ಅಂಗಡಿಗಳಲ್ಲಿ ತಯಾರಾಗುವ ಬಯೊಡೇಟಾಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಹೆಸರು, ವಿಳಾಸ, ಅಂಕ ಬೇರೆ ಬೇರೆ, ಉಳಿದದ್ದೆಲ್ಲ ಒಂದೇ. ಹಿಂದಿನವರ ಫೈಲಿನಲ್ಲಿ ಹೆಸರು ತಿದ್ದಿ ಪ್ರಿಂಟ್ ತೆಗೆದದ್ದು ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ‘ಕಷ್ಟಪಟ್ಟು ದುಡಿಯುವೆ’ ಎಂಬ ಸಾಲು ಎಲ್ಲರದರಲ್ಲೂ ಇದ್ದಾಗ, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕುಳಿತು ಅದನ್ನು ಓದುವವರು ಯಾರನ್ನು ಕರೆಯಬೇಕು?

ದೊಡ್ಡ ನಗರದ ಕಾಲೇಜಿನಲ್ಲಿ ಓದಿದವರಿಗೆ ಕ್ಯಾಂಪಸ್ ಸಂದರ್ಶನ, ಪರಿಚಯದವರ ಶಿಫಾರಸು ಸುಲಭವಾಗಿ ಸಿಗುತ್ತವೆ. ನಮಗೆ ಆ ಅನುಕೂಲ ಕಡಿಮೆ. ಹಾಗಾಗಿ ‘ನನಗೆ ಈ ಕೆಲಸ ಬರುತ್ತದೆ’ ಎಂದು ಹೇಳುವುದಕ್ಕಿಂತ ಮಾಡಿದ ಕೆಲಸವನ್ನೇ ತೋರಿಸುವುದು ಒಳ್ಳೆಯದು. ಅದಕ್ಕೆ ಸ್ವಂತದ್ದೊಂದು ಪುಟ್ಟ ಜಾಲತಾಣ ಸಾಕು. ಪದವಿಯ ಕೊನೆಯ ವರ್ಷದಲ್ಲಿರುವ ಪ್ರತಿಯೊಬ್ಬರೂ, ಕಂಪ್ಯೂಟರ್ ವಿಷಯ ಓದದವರೂ, ಇದನ್ನು ಮಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

‘ಮನೆ ಕಟ್ಟಿ ನೋಡು’ ಎಂಬ ಹಿರಿಯರ ಮಾತು ಈ ಮನೆಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ವೆಬ್ ರೂಪಿಸಿದರು. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಾಂಶವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಲೆಂದು ಬಿಟ್ಟುಕೊಟ್ಟಿತು. ಬುನಾದಿಯೇ ಉಚಿತವಾಗಿರುವಾಗ ಅದನ್ನು ಕಲಿಯಲು ಮೊದಲ ದಿನವೇ ಸಾವಿರಾರು ರೂಪಾಯಿ ಕಟ್ಟುವ ಅಗತ್ಯವಿಲ್ಲ. ಎರಡು ತಿಂಗಳು ಉಚಿತ ಪಾಠಗಳಲ್ಲಿ ಕೈಯಾಡಿಸಿ, ಅಭಿರುಚಿ ಇದೆ ಎನಿಸಿದರೆ ಆಮೇಲೆ ಕೋರ್ಸಿಗೆ ಸೇರುವ ಯೋಚನೆ ಮಾಡಬಹುದು.

ಕಲಿಯಲು ಬೇಕಾದದ್ದು ಎರಡು: ಪುಟದ ರಚನೆಗೆ ಎಚ್‌ಟಿಎಂಎಲ್, ಅಂದಕ್ಕೆ ಸಿಎಸ್‌ಎಸ್. ‘ಫ್ರೀಕೋಡ್‌ಕ್ಯಾಂಪ್’ ಒಂದೊಂದೇ ಸಾಲು ಬರೆಸುತ್ತಾ ಕಲಿಸುತ್ತದೆ; ಶುಲ್ಕವಿಲ್ಲ. ‘ಡಬ್ಲ್ಯು3ಸ್ಕೂಲ್ಸ್’ನಲ್ಲಿ ಸಣ್ಣ ಉದಾಹರಣೆಗಳನ್ನು ಅಲ್ಲೇ ಬದಲಿಸಿ ನೋಡಬಹುದು. ಸಂದೇಹ ಬಂದಾಗ ನಿಘಂಟಿನಂತೆ ತೆರೆದು ನೋಡಲು ಮೊಝಿಲ್ಲಾದವರ ‘ಎಂಡಿಎನ್’ ಇದೆ. ಇಂಗ್ಲಿಷ್ ಕಷ್ಟ ಎನ್ನುವವರು ಬಾಂಬೆ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ನೋಡಲಿ. ಅಲ್ಲಿ ಹಲವು ತಂತ್ರಾಂಶಗಳ ಕಿರು ಪಾಠಗಳು ಕನ್ನಡ ಧ್ವನಿಯಲ್ಲೂ ಇವೆ. ಆದರೆ ಇವುಗಳಲ್ಲಿ ಒಂದನ್ನು ಹಿಡಿದು ಮುಗಿಸಬೇಕು. ಹತ್ತು ಕೊಂಡಿಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಕೂಡಿಟ್ಟುಕೊಂಡರೆ ಒಂದೂ ಪುಟ ತಯಾರಾಗುವುದಿಲ್ಲ.

ತಯಾರಾದ ಪುಟವನ್ನು ಇಡಲು ‘ಗಿಟ್‌ಹಬ್ ಪೇಜಸ್’ ಜಾಗ ಕೊಡುತ್ತದೆ. ಖಾತೆ ತೆರೆದು, ನಿಮ್ಮ ಬಳಕೆದಾರ ಹೆಸರಿನ ಮುಂದೆ ‘ಡಾಟ್ ಗಿಟ್‌ಹಬ್ ಡಾಟ್ ಐಒ’ ಸೇರಿಸಿದ ಹೆಸರಿನಲ್ಲಿ ಸಾರ್ವಜನಿಕ ರೆಪೊಸಿಟರಿ ಮಾಡಿ, ಅದರಲ್ಲಿ ‘ಇಂಡೆಕ್ಸ್’ ಎಂಬ ಎಚ್‌ಟಿಎಂಎಲ್ ಕಡತ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಜಗತ್ತಿನ ಎಲ್ಲಿಂದಲಾದರೂ ಪುಟ ತೆರೆಯುತ್ತದೆ. ಕೋಡ್ ಬೇಡವೆನ್ನುವವರಿಗೆ ಗೂಗಲ್ ಸೈಟ್ಸ್, ಬ್ಲಾಗರ್, ವರ್ಡ್‌ಪ್ರೆಸ್‌ನ ಉಚಿತ ಖಾತೆ ಇವೆ. ಸ್ವಂತ ಡೊಮೇನ್ ಹೆಸರಿಗೆ ಪ್ರತಿವರ್ಷ ಹಣ ಕಟ್ಟಬೇಕು. ಮೊದಲ ವರ್ಷದ ರಿಯಾಯಿತಿ ನೋಡಿ ಆತುರಪಡದೆ ನವೀಕರಣದ ದರ ಎಷ್ಟೆಂದು ಮೊದಲೇ ತಿಳಿದುಕೊಳ್ಳಿ.

ಕನ್ನಡದಲ್ಲಿ ಬರೆಯುವವರು ಒಂದು ಸಂಗತಿ ಗಮನಿಸಬೇಕು. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ನೇರವಾಗಿ ಹಾಕಿದರೆ ನೋಡುವವರ ಮೊಬೈಲಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಬರೆಯಿರಿ. ಆಗಲೇ ಗೂಗಲ್ ಹುಡುಕಾಟದಲ್ಲೂ ನಿಮ್ಮ ಬರಹ ಸಿಗುತ್ತದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮದಂತಹ ಅಂದದ ಫಾಂಟ್‌ಗಳು ಉಚಿತವಾಗಿಯೇ ಲಭ್ಯ.

ಇಷ್ಟೆಲ್ಲ ಆದ ಮೇಲೆ ಬರುವ ಪ್ರಶ್ನೆ: ‘ಹಾಕುವುದಾದರೂ ಏನನ್ನು? ನಾವೇನು ಸಾಧಿಸಿದ್ದೇವೆ?’ ನಿಜವಾದ ಅಡ್ಡಿ ಇರುವುದೇ ಇಲ್ಲಿ. ಉತ್ತರ ಮಾತ್ರ ನಮ್ಮ ಅಂಗಳದಲ್ಲೇ ಇದೆ. ಬೈಲಹೊಂಗಲದ ಬಿ.ಕಾಂ. ವಿದ್ಯಾರ್ಥಿ ‘ಕೃಷಿ ಮಾರಾಟ ವಾಹಿನಿ’ಯಲ್ಲಿ ಸಿಗುವ ಎಪಿಎಂಸಿ ಧಾರಣೆಯನ್ನು ಮೂರು ತಿಂಗಳು ಬರೆದಿಟ್ಟು, ಹತ್ತಿಯ ದರ ಹೇಗೆ ಏರಿಳಿಯಿತೆಂದು ನಕ್ಷೆ ಮಾಡಬಹುದು. ಸವದತ್ತಿಯ ಬಿ.ಎಸ್ಸಿ. ವಿದ್ಯಾರ್ಥಿನಿ ನವಿಲುತೀರ್ಥ ಜಲಾಶಯದ ನೀರಿನ ಮಟ್ಟವನ್ನು ಮಳೆಗಾಲವಿಡೀ ದಾಖಲಿಸಬಹುದು. ರಾಮದುರ್ಗದ ನೇಕಾರರ ಮನೆಯ ಮಗ ಸೀರೆಯೊಂದು ಮಗ್ಗದಲ್ಲಿ ಸಿದ್ಧವಾಗುವ ಹಂತಗಳನ್ನು ಚಿತ್ರಸಹಿತ ವಿವರಿಸಬಹುದು. ಕಿತ್ತೂರಿನ ಬಿ.ಎ. ವಿದ್ಯಾರ್ಥಿ ಕೋಟೆಯನ್ನು ನೋಡಲು ಬರುವವರಿಗೆ ಕೈಪಿಡಿಯಂತಹ ಪುಟವೊಂದನ್ನು ಬರೆಯಬಹುದು. ಲೆಕ್ಕ, ವೀಕ್ಷಣೆ, ವಿವರಣೆ, ಬರವಣಿಗೆ – ಸಂದರ್ಶನದಲ್ಲಿ ಕೇಳುವ ಗುಣಗಳೆಲ್ಲ ಇಲ್ಲಿ ಕಣ್ಣಿಗೆ ಕಾಣುತ್ತವೆ. ನಮ್ಮ ಊರಿನ ಬಗ್ಗೆ ನಾವೇ ಬರೆದಂತೆಯೂ ಆಯಿತು.

ಬೇರೆಯವರದನ್ನು ನಕಲು ಮಾಡಿದರೆ ಸಂದರ್ಶಕರ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಹಾಗೆಯೇ ಮನೆ ವಿಳಾಸ, ಆಧಾರ್ ಸಂಖ್ಯೆ, ಅಂಕಪಟ್ಟಿಯ ಫೋಟೊ ಜಾಲತಾಣದಲ್ಲಿ ಬೇಡ. ಹೆಣ್ಣುಮಕ್ಕಳಂತೂ ಮೊಬೈಲ್ ಸಂಖ್ಯೆಯನ್ನೂ ಹಾಕದೆ, ಇದಕ್ಕೆಂದೇ ತೆರೆದ ಇ-ಮೇಲ್ ವಿಳಾಸ ಕೊಟ್ಟರೆ ಕ್ಷೇಮ.

‘ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರಿಗೆ ಇದರಿಂದ ಏನು ಲಾಭ?’ ಎಂಬ ಆಕ್ಷೇಪ ನ್ಯಾಯವಾದದ್ದೇ. ಸರ್ಕಾರಿ ನೇಮಕಾತಿಯಲ್ಲಿ ಜಾಲತಾಣಕ್ಕೆ ಒಂದಂಕವೂ ಇಲ್ಲ. ಆದರೆ ಅರ್ಜಿ ಹಾಕುವವರು ಲಕ್ಷಗಟ್ಟಲೆ, ಹುದ್ದೆಗಳು ಕೆಲವೇ. ಅಧಿಸೂಚನೆಗಾಗಿ ಕಾಯುವ ವರ್ಷಗಳಲ್ಲಿ ಖಾಸಗಿ ಕೆಲಸದ ಬಾಗಿಲನ್ನೂ ತೆರೆದಿಟ್ಟುಕೊಳ್ಳುವುದು ಜಾಣತನ. ವಾರಕ್ಕೆ ನಾಲ್ಕು ತಾಸು ಇದಕ್ಕೆ ಕೊಟ್ಟರೆ ಓದು ಕೆಡುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಲ್ಯಾಪ್‌ಟಾಪ್ ಇಲ್ಲದಿರುವುದು. ಗಿಟ್‌ಹಬ್‌ನಲ್ಲಿ ಮೊಬೈಲ್ ಬ್ರೌಸರ್‌ನಿಂದಲೇ ಕಡತ ಬರೆದು ಉಳಿಸಬಹುದು ನಿಜ, ಆದರೆ ಸಣ್ಣ ಪರದೆಯಲ್ಲಿ ಅದು ತ್ರಾಸದ ಕೆಲಸ. ಪ್ರಾಯೋಗಿಕ ತರಗತಿ ಮುಗಿದ ಮೇಲೆ ಬೀಗ ಬೀಳುವ ಕಾಲೇಜು ಲ್ಯಾಬ್‌ಗಳನ್ನು ಸಂಜೆ ಎರಡು ತಾಸು ಬಿ.ಎ., ಬಿ.ಕಾಂ. ವಿದ್ಯಾರ್ಥಿಗಳಿಗೂ ತೆರೆದಿಡಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳು ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ವರದಿಯನ್ನು ಕಪಾಟಿನಲ್ಲಿ ದೂಳು ತಿನ್ನಲು ಬಿಡದೆ ವಿದ್ಯಾರ್ಥಿಯ ಜಾಲತಾಣದಲ್ಲೇ ಪ್ರಕಟಿಸುವಂತೆ ಹೇಳಲಿ. ಹೊಸ ಅನುದಾನವೇನೂ ಬೇಕಿಲ್ಲ. ಪ್ರಾಚಾರ್ಯರು, ಉಪನ್ಯಾಸಕರು ಮನಸ್ಸು ಮಾಡಬೇಕಷ್ಟೆ.

ನಾವು ಅಲ್ಲಿಯವರೆಗೆ ಕಾಯುವುದು ಬೇಡ. ಈ ಭಾನುವಾರ ಒಂದೇ ಪುಟ ಸಾಕು: ಹೆಸರು, ಓದು, ಮಾಡಿದ ಒಂದು ಕೆಲಸ. ಗೆಳೆಯರ ಮೊಬೈಲಿನಲ್ಲಿ ಅದನ್ನು ತೆರೆಸಿ, ಏನು ಅರ್ಥವಾಗಲಿಲ್ಲ ಎಂದು ಕೇಳಿ, ಮುಂದಿನ ಭಾನುವಾರ ತಿದ್ದಿ.