ಮೊದಲು ಬಿಜಾಗರಿ ನೋಡಿ

ಮಳೆಗಾಲದಲ್ಲಿ ಬಾಗಿಲು ಮುಚ್ಚದಿದ್ದರೆ ಕೂಡಲೇ ಬಡಗಿಯನ್ನು ಕರೆದು ಅಂಚು ಕೆತ್ತಿಸುವ ನಮ್ಮ ಚಾಳಿನವರ ಪದ್ಧತಿಯನ್ನು ನಾನು ವಿರೋಧಿಸುತ್ತೇನೆ. ನಗಬೇಡಿ, ಗೆಳೆಯರೇ! ಅಪ್ಪನಿಗೆ ರಾತ್ರಿಪಾಳಿ. ಚಿಲಕ ಕೂಡದ ಬಾಗಿಲಿಗೆ ಹಗ್ಗ ಬಿಗಿದು, ಅಮ್ಮ ಅದಕ್ಕೇ ಬೆನ್ನುಕೊಟ್ಟು ಮಲಗುತ್ತಿದ್ದಳು.

ಹೋದ ವರ್ಷ ಜುಲೈಯಲ್ಲಿ ಹಟ ಹಿಡಿದು ಕೆತ್ತಿಸಿದವನು ನಾನೇ. ಮುಂಬಯಿ ಮಳೆಯಲ್ಲಿ ಮರ ತೇವ ಕುಡಿದು ಅಗಲಕ್ಕೆ ಉಬ್ಬುತ್ತದೆ, ಒಣಗಿದರೆ ಮತ್ತೆ ಕುಗ್ಗುತ್ತದೆ. ಜನವರಿಗೆ ಸಂದಿಯಲ್ಲಿ ಕಿರುಬೆರಳು ತೂರುತ್ತಿತ್ತು. ಕಾಮರ್ಸಿನವನಿಗೆ ಇಷ್ಟು ಲೆಕ್ಕ ತಿಳೀಬೇಡವೇ? ಕೆತ್ತಿ ಹೋದ ಮರ ಮತ್ತೆ ಜಮೆಯಾಗುವುದಿಲ್ಲ.

ಈ ಜೂನಿನಲ್ಲಿ ಮತ್ತೆ ಅದೇ ಗೋಳು. ಈ ಸಲ ಬಾಗಿಲನ್ನು ಅರ್ಧ ತೆರೆದು, ಹಿಡಿಕೆ ಹಿಡಿದು ಮೇಲಕ್ಕೆತ್ತಿ ನೋಡಿದೆ. ಮೇಲಿನ ಬಿಜಾಗರಿ ಲೊಡಲೊಡ ಅಂದಿತು! ಬಾಗಿಲಿನ ಭಾರ ಜಗ್ಗುವುದು ಅದನ್ನೇ. ಅದರ ಸ್ಕ್ರೂ ಸಡಿಲಾದರೆ ಚಿಲಕದ ಕಡೆ ಬಾಗಿಲು ಜೋತು ಹೊಸ್ತಿಲಿಗೆ ಉಜ್ಜುತ್ತದೆ. ಅಪ್ಪನ ರಜೆಯ ದಿನ ಬಾಗಿಲ ಕೆಳಗೆ ಬೆಣೆ ಕೊಟ್ಟು, ಸ್ಕ್ರೂ ಬಿಚ್ಚಿ, ಮದ್ದು ಮುರಿದ ಬೆಂಕಿಕಡ್ಡಿಗಳಿಗೆ ಫೆವಿಕಾಲ್ ಸವರಿ ತೂತಿಗೆ ತುರುಕಿದೆ. ಮರುದಿನ ಒಣಗಿದ ಮೇಲೆ ಸ್ಕ್ರೂ ತಿರುಗಿಸಿದರೆ ಕಚ್ಚಿಕೊಂಡಿತು. ಚಿಲಕ ಕೂತಿತು.

ಚೌಕಟ್ಟೇ ವಾಲಿದ್ದರೆ ಬೇರೆ ಮಾತು, ಮನೆಮಾಲೀಕರಿಗೆ ಹೇಳಬೇಕು (ಬಂದಾಗ ಬಂದರು!). ಮರವೇ ಉಬ್ಬಿದ್ದರೂ ಕೆತ್ತುವ ಮಾತು ದೀಪಾವಳಿ ಕಳೆದ ಮೇಲಿರಲಿ.

ಚಳಿಗಾಲಕ್ಕೆ ಆ ಹಳೆಯ ಸಂದಿಗೆ ಪಟ್ಟಿ ಹೊಡೆಯುವ ಕೆಲಸ ನನ್ನ ತಲೆ ಮೇಲೆ ಇದ್ದೇ ಇದೆ. ಅಮ್ಮ ಮಾತ್ರ ಈಗ ಕಿಟಕಿಯ ಕಡೆ ಹಾಸಿಗೆ ಹಾಸಿಕೊಳ್ಳುತ್ತಾಳೆ.